ಸ್ಲಿಪ್ ಡಿಸ್ಕ್ ಟೊಂಕ ನೋವು ಆಪರೇಷನ್ ಇಲ್ಲದೆ ಆರಾಮ ಆಗುತ್ತಾ?

ನೀವು ಬರೆದದ್ದು ಇಷ್ಟು: ವಯಸ್ಸು 37, ಮನೆ ಜಮಖಂಡಿ, ಮುಧೋಳದಲ್ಲಿ ಕುರ್ಚಿ ಮೇಲಿನ ಕೆಲಸ, ದಿನಾ ಬೈಕಿನಲ್ಲಿ ಓಡಾಟ. ಎರಡು ವರ್ಷದಿಂದ ಟೊಂಕ ನೋವು, ಎಡಗಾಲಿಗೆ ಸೆಳೆತ. ಎಂಆರ್‌ಐನಲ್ಲಿ ಎಲ್4-ಎಲ್5, ಎಲ್5-ಎಸ್1 (ಟೊಂಕದ ತಳದ ಮೂಳೆಗಳ ನಡುವಿನ ಜಾಗಗಳು) ಎರಡೂ ಕಡೆ ಡಿಸ್ಕ್ ಜಾರಿದೆ ಅಂತ ಬಂದಿದೆ. ಒಬ್ಬ ಡಾಕ್ಟರು ಆಪರೇಷನ್ ಅಂದರು, ಇನ್ನೊಬ್ಬರು ಬೇಡ ಅಂದರು. ಆಪರೇಷನ್ ಇಲ್ಲದೆ ಆರಾಮ ಆಗುತ್ತಾ, ಬೈಕ್ ಬಿಡಬೇಕಾ ಅಂತ ಕೇಳಿದ್ದೀರಿ.

ಬಹಳ ಮಂದಿಗೆ ಆಗುತ್ತದೆ ಸರ. ನಾನು ಡಾಕ್ಟರಲ್ಲ, ಇಳಕಲ್ಲಿನ ನೇಕಾರ. ಕುಣಿ ಮಗ್ಗದಲ್ಲಿ ಕೂತವರಿಗೆ ಟೊಂಕ ನೋವು ಹೊಸದಲ್ಲ. ಕಾಲು ಕುಣಿಯೊಳಗೆ, ಮೈ ಮುಂದಕ್ಕೆ, ಕೈಯಲ್ಲಿ ಲಾಳಿ. ಸೆರಗಿಗೆ ಕೊಂಡಿ ಹಾಕುವಾಗಂತೂ ಇನ್ನೂ ಬಾಗಬೇಕು. ನನ್ನದು ಎಲ್5-ಎಸ್1. ಈಗಲೂ ನೇಯುತ್ತೇನೆ. ನೋವು ಪೂರ್ತಿ ಹೋಗಿಲ್ಲ, ಆದರೆ ಅದು ಹೇಳಿದಂತೆ ನಾನು ಕೇಳುವ ಕಾಲ ಹೋಯಿತು.

ಬೇರೆ ಮಾತಿಗಿಂತ ಮೊದಲು ಇದನ್ನು ನೋಡಿಕೊಳ್ಳಿ. ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ತೊಡೆಸಂದಿಯಲ್ಲಿ, ಮಲದ್ವಾರದ ಸುತ್ತ ಮುಟ್ಟಿದ್ದು ತಿಳಿಯದಿದ್ದರೆ, ಎರಡೂ ಕಾಲು ಸೋತರೆ, ಬೆಳಗಾಗಲಿ ಅಂತ ಕಾಯಬೇಡಿ. ಅವತ್ತೇ ದೊಡ್ಡ ಆಸ್ಪತ್ರೆ ಸೇರಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಟೊಂಕ ನೋವಿನ ಜೊತೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೂ ಡಾಕ್ಟರಿಗೆ ಹೇಳಿ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಟಿಬಿ ಅಪರೂಪವಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಆಮೇಲೆ ಗೋಡೆ ಹಿಡಿದು, ಒಂದೊಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಿ. ಎಡಗಾಲಿನ ಮುಂಪಾದ ಎತ್ತಲು ಬರದಿದ್ದರೆ, ಅಥವಾ ತುದಿಬೆರಳ ಮೇಲೆ ನಿಲ್ಲಲಾಗದಿದ್ದರೆ, ನರ ಸೊರಗುತ್ತಿರಬಹುದು. ಹಾಗಿದ್ದರೆ ನನ್ನ ಉತ್ತರ ಓದುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಎರಡೂ ಸರಾಗ ಬಂದರೆ ಮುಂದೆ ಓದಿ.

ಎಂಆರ್‌ಐ ರಿಪೋರ್ಟ್ ನೋಡಿ ಎದೆ ಒಡೆದುಕೊಳ್ಳಬೇಡಿ. 1994ರಲ್ಲಿ ಅಮೆರಿಕದಲ್ಲಿ ಟೊಂಕ ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ 52 ಶೇಕಡಾ ಮಂದಿಗೆ ಒಂದಲ್ಲ ಒಂದು ಡಿಸ್ಕ್ ಉಬ್ಬಿತ್ತು. ಅದಕ್ಕಿಂತ ಮುಂದೆ ಹೋಗಿ ಡಿಸ್ಕ್ ಚಾಚಿಕೊಂಡಿದ್ದವರೇ 27 ಶೇಕಡಾ. ಅವರಿಗೆಲ್ಲ ನೋವಿಲ್ಲ! ನಿಮ್ಮ ಎರಡು ಡಿಸ್ಕ್‌ನಲ್ಲಿ ನೋವು ಕೊಡುತ್ತಿರುವುದು ಒಂದೇ ಇರಬಹುದು. ಯಾವುದು ಅಂತ ಕಾಲು ಹೇಳುತ್ತದೆ. ಹೆಬ್ಬೆರಳ ಕಡೆ ಜುಮ್ಮೆಂದರೆ ಸಾಮಾನ್ಯವಾಗಿ ಎಲ್5 ನರ, ಕಿರುಬೆರಳು ಮತ್ತು ಹಿಮ್ಮಡಿ ಕಡೆ ಆದರೆ ಎಸ್1.

ಡಿಸ್ಕ್ ಅಂದರೆ ಕರಿಗಡುಬು ಇದ್ದಂತೆ. ಹೊರಗೆ ಗಟ್ಟಿ ಪದರ, ಒಳಗೆ ಮೆತ್ತನೆ ಹೂರಣ. ಮುಂದೆ ಅದುಮಿದರೆ ಹೂರಣ ಹಿಂದಕ್ಕೆ ಒತ್ತುತ್ತದೆ. ಪದರ ಹರಿದು ಹೊರಗೆ ಬಂದರೆ ಪಕ್ಕದ ನರಕ್ಕೆ ತಾಗಿ ಕಾಲಿನ ತನಕ ಸೆಳೆತ. ಎಷ್ಟೋ ಜನರಲ್ಲಿ ಹೊರಗೆ ಬಂದ ಭಾಗವನ್ನು ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಕೇಳಲು ವಿಚಿತ್ರ, ಆದರೆ ಚಿಕ್ಕ ಉಬ್ಬಿಗಿಂತ ದೊಡ್ಡದಾಗಿ ಹೊರಬಿದ್ದದ್ದೇ ಕರಗುವುದು ಜಾಸ್ತಿ.

ಈಗ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು. ನೋವು ಎಷ್ಟಿದೆ ಅಂತ ನೋಡಬೇಡಿ, ಎಲ್ಲಿದೆ ಅಂತ ನೋಡಿ. ಪಾದದಲ್ಲಿದ್ದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಪಿರ್ರೆಗೆ, ಕೊನೆಗೆ ಟೊಂಕಕ್ಕೆ ಏರಿದರೆ ಅದು ಒಳ್ಳೆಯ ಲಕ್ಷಣ. ಟೊಂಕದಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದರೂ ಸರಿ. ಟೊಂಕ ಹಗುರಾಗಿ ನೋವು ಪಾದಕ್ಕೆ ಇಳಿದರೆ, ನೀವು ಈಗಷ್ಟೇ ಮಾಡಿದ್ದು ನಿಮಗೆ ಆಗಿಬರಲ್ಲ ಅಂತ. ಈ ಲೆಕ್ಕ ಹಾಕಿಕೊಟ್ಟವರು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ. 1956ರಲ್ಲಿ ಅವರ ರೋಗಿಯೊಬ್ಬ ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ಸುಮ್ನೆ ಬೋರಲು ಮಲಗಿಬಿಟ್ಟಿದ್ದ. ಬೆನ್ನು ಹಿಂದಕ್ಕೆ ಬಾಗಿತ್ತು. ಇದು ಕೆಡುಕೇ ಆಗಬೇಕು ಅಂತ ಇವರು ಗಾಬರಿಯಾದರೆ, ಅವನ ಕಾಲಿನ ನೋವು ಹೋಗಿತ್ತು.

ನನಗೂ ಫಿಸಿಯೋ ಮೇಡಂ ಹೇಳಿಕೊಟ್ಟಿದ್ದು ಇದನ್ನೇ. ಚಾಪೆ ಮೇಲೆ ಬೋರಲು ಮಲಗಿ ಎರಡು ನಿಮಿಷ ಸುಮ್ಮನಿರುವುದು. ಆಮೇಲೆ ಮೊಣಕೈ ಊರಿ ಎದೆ ಎತ್ತುವುದು. ಅದು ಹಿಡಿಸಿದರೆ ಅಂಗೈ ಊರಿ, ಸೊಂಟ ನೆಲದಲ್ಲೇ ಬಿಟ್ಟು, ಮೇಲ್ಭಾಗ ಮಾತ್ರ ನಿಧಾನಕ್ಕೆ ಎತ್ತಿ ಇಳಿಸುವುದು. ಹತ್ತು ಸಲ ಸಾಕು, ಆದರೆ ದಿನಕ್ಕೆ ನಾಲ್ಕೈದು ಬಾರಿ. ಬೆಳಗ್ಗೆ ಒಮ್ಮೆ ಮಾಡಿ ಮರೆತರೆ ಏನೂ ಆಗಲ್ಲ. ಎಲ್ಲರಿಗೂ ಇದೇ ಹೊಂದುತ್ತದೆ ಅಂತಲೂ ಇಲ್ಲ. ವಯಸ್ಸಾಗಿ ನರದ ದಾರಿ ಕಿರಿದಾದವರಿಗೆ ಮುಂದಕ್ಕೆ ಬಾಗಿದರೇ ಹಿತ. ಅದಕ್ಕೇ ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಕೈಯಲ್ಲಿ ತೋರಿಸಿಕೊಳ್ಳಿ ಅನ್ನೋದು. ಮೊಬೈಲ್ ವಿಡಿಯೋ ಹಾಕಿದವನಿಗೆ ನಿಮ್ಮ ಕಾಲು ಕಾಣುವುದಿಲ್ಲ, ಅಲ್ವಾ?

ಬೆಳಗ್ಗೆ ಎದ್ದ ಮೊದಲ ಒಂದು ಗಂಟೆ ಬಾಗಬೇಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಆಗ ಬಾಗಿದರೆ ಒತ್ತಡ ಜಾಸ್ತಿ. 1998ರ ಒಂದು ಅಧ್ಯಯನದಲ್ಲಿ ಬೆಳಗಿನ ಬಾಗುವಿಕೆ ಬಿಟ್ಟವರಿಗೆ ನೋವು ಕಡಿಮೆಯಾಗಿತ್ತು. ಬಕೆಟ್ ಎತ್ತುವುದು, ನೆಲಕ್ಕೆ ಕೂತು ಚಹಾ ಕುಡಿಯುವುದು, ಬೂಟಿನ ಲೇಸ್ ಕಟ್ಟುವುದು, ಎಲ್ಲ ಸ್ವಲ್ಪ ತಡವಾಗಿ ಆಗಲಿ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಮುಕ್ಕರಿದಾಗಲೂ ಸೀನಿದಾಗಲೂ ಡಿಸ್ಕ್ ಮೇಲೆ ಭಾರ ಬೀಳುತ್ತದೆ. ಸೀನು ಬಂದರೆ ನಿಂತು, ಟೊಂಕಕ್ಕೆ ಕೈ ಕೊಟ್ಟು, ಎದೆ ಹಿಂದಕ್ಕೆ ಮಾಡಿ ಸೀನಿ.

ಆಫೀಸಿನಲ್ಲಿ ಟೊಂಕದ ಹಿಂದೆ ಟವೆಲ್ ಸುತ್ತಿ ಇಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆ ಏಳಿ. ನಾನು ಮಗ್ಗದಿಂದ ಮೊಬೈಲ್ ಅಲಾರಂ ಹೊಡೆದಾಗಲೆಲ್ಲ ಮೇಲೇಳುತ್ತೇನೆ. ಮೊದಮೊದಲು ಸೀರೆ ತಡ ಆಗುತ್ತೆ ಅಂತ ಮನೆಯಲ್ಲಿ ಗೊಣಗಿದರು, ಈಗ ಯಾರೂ ಏನೂ ಅನ್ನಲ್ಲ.

ಹಲಗೆ ಮೇಲೆ ಮಲಗಿ ಅಂತ ಹೇಳುವವರು ನಿಮಗೂ ಸಿಕ್ಕಿರುತ್ತಾರೆ. 2003ರಲ್ಲಿ ಸ್ಪೇನಿನಲ್ಲಿ ಹಳೆಯ ಟೊಂಕ ನೋವಿನ 313 ಜನರ ಮೇಲೆ ನೋಡಿದಾಗ, ತೀರಾ ಗಟ್ಟಿ ಗಾದಿಗಿಂತ ಮಧ್ಯಮ ಗಟ್ಟಿಯ ಗಾದಿಯೇ ಒಳ್ಳೆಯದು ಅಂತ ಬಂತು. ಹಾಸಿಗೆ ಹಿಡಿದು ಮಲಗುವುದಂತೂ ಬೇಡವೇ ಬೇಡ. ನೋವು ಜೋರಿದ್ದಾಗ ಒಂದೆರಡು ದಿನ ಸರಿ.

ನಡೆಯಿರಿ. 2024ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಆಗಷ್ಟೇ ಟೊಂಕ ನೋವಿನಿಂದ ಚೇತರಿಸಿಕೊಂಡ 701 ಜನರಿದ್ದರು. ಮಧ್ಯದ ಲೆಕ್ಕ ಹಿಡಿದರೆ, ನಡಿಗೆ ರೂಢಿಸಿಕೊಂಡವರಿಗೆ ನೋವು ಮರಳಲು 208 ದಿನ ಹಿಡಿಯಿತು, ಉಳಿದವರಿಗೆ 112. ಅವರದು ಸಾಮಾನ್ಯ ಟೊಂಕ ನೋವು, ನಮ್ಮಂತೆ ಡಿಸ್ಕಿನದಲ್ಲ. ಆದರೂ ಖರ್ಚಿಲ್ಲದ ಮದ್ದು. ಹತ್ತು ನಿಮಿಷದಿಂದ ಶುರು ಮಾಡಿ, ಕಾಲು ಒಪ್ಪಿದಷ್ಟು ಏರಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಎಂಟು ಗಂಟೆಗೇ ಬಿಸಿಲು ನೆತ್ತಿ ಸುಡುತ್ತದೆ, ಬೇಗ ಹೋಗಿ. ತಂಬಾಕು, ಸಿಗರೇಟು ಇದ್ದರೆ ಬಿಡಿ. ಡಿಸ್ಕಿನೊಳಗೆ ನೇರ ರಕ್ತನಾಳ ಇಲ್ಲ, ಸುತ್ತಲಿನಿಂದ ಜಿನುಗಿದ್ದೇ ಅದಕ್ಕೆ ಊಟ. ಸೇದಿದರೆ ಅದೂ ಕಮ್ಮಿ.

ಮಾತ್ರೆ ಬಗ್ಗೆ: ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೆಲವು ದಿನಕ್ಕೆ ಸರಿ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ನರದ ನೋವಿಗೆ ಅಂತ ಪ್ರೆಗಾಬಲಿನ್ ಬರೆಯುತ್ತಾರಲ್ಲ, 2017ರ ಅಧ್ಯಯನದಲ್ಲಿ ಕಾಲಿನ ಸೆಳೆತಕ್ಕೆ ಅದು ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ, ತಲೆ ಸುತ್ತು ಮಾತ್ರ ಜಾಸ್ತಿ. ನೀವು ಈಗಾಗಲೇ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಆಯುರ್ವೇದದ ಕಟಿಬಸ್ತಿ ನಾನೂ ಮಾಡಿಸಿದ್ದೇನೆ. ಟೊಂಕದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುತ್ತಾರೆ. ಬಿಗಿದ ಸ್ನಾಯು ಸಡಿಲಾಗಿ ಹಾಯೆನಿಸುತ್ತದೆ, ಆ ಹಿತದಲ್ಲಿ ನಡೆದಾಡಲು ಸುಲಭ. ಅಷ್ಟಕ್ಕೆ ಒಳ್ಳೆಯದೇ. ಆದರೆ ಬೆನ್ನ ಮೇಲೆ ಕಾಲಿಟ್ಟು ತುಳಿದು, ಲಟ್ಟೆನಿಸಿ ಡಿಸ್ಕ್ ಕೂರಿಸುತ್ತೇವೆ ಅನ್ನುವವರ ಬಾಗಿಲಿಗೆ ಹೋಗಬೇಡಿ.

ಆಪರೇಷನ್ ವಿಷಯಕ್ಕೆ ಬಂದರೆ, ಇಬ್ಬರು ಡಾಕ್ಟರೂ ಸರಿ ಇರಬಹುದು. 2007ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 283 ಜನರನ್ನು ನೋಡಿದರು, ಕಾಲು ಸೆಳೆತ ಶುರುವಾಗಿ ಆರರಿಂದ ಹನ್ನೆರಡು ವಾರ ಆದವರು. ಬೇಗ ಆಪರೇಷನ್ ಆದವರಿಗೆ ಬೇಗ ಆರಾಮ ಆಯಿತು, ವರ್ಷ ಕಳೆಯುವಷ್ಟರಲ್ಲಿ ಕಾದವರೂ ಅವರ ಸಮಕ್ಕೆ ಬಂದರು. ಕಾದವರಲ್ಲಿ 39 ಶೇಕಡಾ ಮಂದಿ ಆ ವರ್ಷದೊಳಗೆ ಕೊನೆಗೂ ಆಪರೇಷನ್ ಮಾಡಿಸಿಕೊಂಡರು ಅನ್ನೋದೂ ನಿಜ. 2020ರಲ್ಲಿ ಕೆನಡಾದವರು ನಾಲ್ಕರಿಂದ ಹನ್ನೆರಡು ತಿಂಗಳು ಎಳೆದ ಸೆಳೆತದವರನ್ನು ನೋಡಿದಾಗ, ಆರು ತಿಂಗಳ ಹೊತ್ತಿಗೆ ಕಾಲಿನ ನೋವಿನಲ್ಲಿ ಆಪರೇಷನ್ ಆದವರೇ ಮುಂದಿದ್ದರು. ನಿಮ್ಮದು ಎರಡು ವರ್ಷದ್ದು. ಹಾಗಾಗಿ ಡಾಕ್ಟರಿಗೆ ಇದನ್ನು ಕೇಳಿ: ನನ್ನ ಕಷ್ಟದಲ್ಲಿ ಕಾಲಿನ ಪಾಲು ಎಷ್ಟು, ಟೊಂಕದ ಪಾಲು ಎಷ್ಟು? ಈ ಆಪರೇಷನ್ ನರ ಬಿಡಿಸಿ ಕಾಲಿಗೆ ಆರಾಮ ಕೊಡುತ್ತದೆ. ಬರೀ ಟೊಂಕ ನೋವಿಗೆ ಅಂಥ ಗ್ಯಾರಂಟಿ ಇಲ್ಲ. ನಿಮ್ಮ ಕಾಲು ರಾತ್ರಿ ನಿದ್ದೆಗೂ ಬಿಡುತ್ತಿಲ್ಲ, ಫಿಸಿಯೋ ಸರಿಯಾಗಿ ಮಾಡಿಯೂ ಎರಡು ಮೂರು ತಿಂಗಳಲ್ಲಿ ನೋವು ಟೊಂಕದ ಕಡೆ ಮೇಲಕ್ಕೆ ಏರುತ್ತಿಲ್ಲ ಅಂದರೆ, ನಿಮ್ಮ ಜಾಗದಲ್ಲಿ ನಾನಾದರೆ ಮಾಡಿಸಿಕೊಳ್ಳುತ್ತಿದ್ದೆ.

ಇನ್ನು ಬೈಕ್. ಸದ್ಯಕ್ಕೆ ಬಿಡಿ, ಬಸ್ಸಿನಲ್ಲಿ ಹೋಗಿ. ಹಿಂದಿನ ಸೀಟು ಬೇಡ, ಎರಡು ಗಾಲಿಯ ನಡುವಿನ ಸೀಟು ಹಿಡಿಯಿರಿ, ಸಿಗದಿದ್ದರೆ ನಿಂತೇ ಹೋಗಿ. ನಮಗೆ ನಿಲ್ಲುವುದೇ ಎಷ್ಟೋ ವಾಸಿ. ನೋವು ತೊಡೆ ದಾಟಿ ಮೇಲೆ ಬಂದು ಕೆಲವು ವಾರ ಅಲ್ಲೇ ನಿಂತ ಮೇಲೆ ಬೈಕ್ ತೆಗೆಯಿರಿ, ಮೊದಲು ಊರೊಳಗೆ ಮಾತ್ರ. ಟೈರಿನ ಗಾಳಿ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ತುಂಬಿಸಬೇಡಿ. ಬೆನ್ನಿಗೆ ಬ್ಯಾಗ್ ಹಾಕದೆ ಟ್ಯಾಂಕಿನ ಮೇಲೆ ಇಡಿ. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಓಡಾಡಿ ರಸ್ತೆ ಹೇಗಾಗಿರುತ್ತದೆ ನಿಮಗೇ ಗೊತ್ತು, ಆ ನಾಲ್ಕು ತಿಂಗಳು ಬಸ್ಸೇ ಇರಲಿ.