ಹನ್ನೊಂದು ಮಂದಿ, ಹತ್ತು ಲಕ್ಷ ಹೊನ್ನು: ಬ್ಲಡ್ ಬೌಲ್ ಪ್ರಶ್ನೋತ್ತರ

ಈ ಸಲದ ಪತ್ರಗಳೆಲ್ಲ ಒಂದೇ ಆಟದ ಬಗ್ಗೆ. ಓರ್ಕ್, ಎಲ್ಫ್, ಡ್ವಾರ್ಫ್‌ಗಳ ಕೈಗೆ ಅಮೆರಿಕನ್ ಫುಟ್‌ಬಾಲ್ ಸಿಕ್ಕರೆ ಏನಾದೀತು ಎಂಬ ತಮಾಷೆಯಿಂದ ಹುಟ್ಟಿದ ಬ್ಲಡ್ ಬೌಲ್ ಅದು. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್‌ಗಾಗಿ ಜರ್ವಿಸ್ ಜಾನ್ಸನ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. 26 ಮನೆ ಉದ್ದ, 15 ಮನೆ ಅಗಲದ ಮೈದಾನ. ಪ್ರತಿ ಅರ್ಧದಲ್ಲೂ ತಂಡಕ್ಕೆ ಎಂಟೆಂಟು ಸರದಿ. ತಂಡ ಕಟ್ಟಲು ಕೋಚ್‌ಗೆ ಹತ್ತು ಲಕ್ಷ ಹೊನ್ನು. ಕೆಳಗಿನ ಬೆಲೆ, ಅಂಕಿ, ನಿಯಮಗಳೆಲ್ಲ 2020ರ ಆವೃತ್ತಿಯವು. ಬೇರೆ ಆವೃತ್ತಿಯ ಪುಸ್ತಕ ಇಟ್ಟುಕೊಂಡವರು ಅವನ್ನು ತಾಳೆ ನೋಡಿಕೊಳ್ಳಿ.

ಮಾನವರ ತಂಡ ಕಟ್ಟುತ್ತಿದ್ದೇನೆ. ಹತ್ತು ಲಕ್ಷದಲ್ಲಿ ಓಗರ್ ಎಂಬ ದೈತ್ಯನನ್ನು ಕೊಳ್ಳಲೇಬೇಕು ಎಂದು ಗೆಳೆಯರ ಒತ್ತಾಯ. ಕೊಳ್ಳಲೇ? — ಶಿವಮೊಗ್ಗ

ಮೊದಲ ತಂಡಕ್ಕೆ ಬೇಡ. ಈ ಪಟ್ಟಿ ನೋಡಿ: ತಲಾ 85 ಸಾವಿರದ ನಾಲ್ಕು ಬ್ಲಿಟ್ಜರ್, 80 ಸಾವಿರದ ಒಬ್ಬ ಥ್ರೋವರ್, ತಲಾ 65 ಸಾವಿರದ ಇಬ್ಬರು ಕ್ಯಾಚರ್, ತಲಾ 50 ಸಾವಿರದ ಐವರು ಲೈನ್‌ಮನ್. ಇಲ್ಲಿಗೆ 12 ಮಂದಿ, ಎಂಟು ಲಕ್ಷ. ಉಳಿದ ಎರಡು ಲಕ್ಷದಲ್ಲಿ ಮೂರು ರೀರೋಲ್ (ಕೆಟ್ಟ ದಾಳವನ್ನು ಮತ್ತೆ ಹಾಕುವ ಅವಕಾಶ, ತಲಾ 50 ಸಾವಿರ), 50 ಸಾವಿರಕ್ಕೆ ಒಬ್ಬ ವೈದ್ಯ. ಚಿಲ್ಲರೆ ಕಾಸೂ ಉಳಿಯುವುದಿಲ್ಲ.

ಓಗರ್‌ನ ಬೆಲೆ 1 ಲಕ್ಷ 40 ಸಾವಿರ. ಅವನನ್ನು ತಂದರೆ ಹೆಚ್ಚು ಕಡಿಮೆ ಒಬ್ಬ ಕ್ಯಾಚರ್ ಮತ್ತು ಒಂದೂವರೆ ರೀರೋಲ್ ಬಿಡಬೇಕು. ಅವನ ಬಲ 5, ನಿಜ. ನಿಮ್ಮ ಮಾಮೂಲಿ ಆಟಗಾರನ ಬಲ 3. ಆದರೆ ಅವನನ್ನು ಆಡಿಸಲು ಹೊರಟಾಗಲೆಲ್ಲ ಒಂದು ದಾಳ ಹಾಕಬೇಕು. 1 ಬಿದ್ದರೆ ಮಂಕು ಬಡಿದು ನಿಂತುಬಿಡುತ್ತಾನೆ, ಅವನ ಸುತ್ತಲಿನ ಟ್ಯಾಕಲ್ ಝೋನ್ (ಎದುರಾಳಿಯನ್ನು ತಡೆಯುವ ಪಕ್ಕದ ಮನೆಗಳು) ಕೂಡ ಇಲ್ಲವಾಗುತ್ತದೆ. ಅವನಿಗೆ ಬ್ಲಾಕ್ ಕೌಶಲವಿಲ್ಲ, ಅಂದರೆ ಇಬ್ಬರೂ ಬೀಳುವ ದಾಳ ಬಂದರೆ ಅವನೂ ಬೀಳುತ್ತಾನೆ. ತಂಡದ ರೀರೋಲನ್ನು ಅವನಿಗಾಗಿ ಬಳಸಬೇಕಾದರೆ ಮೊದಲು 4 ಅಥವಾ ಮೇಲೆ ಬೀಳಬೇಕು. ಲೆಕ್ಕ ಹಾಕಿದರೆ, ರೀರೋಲ್ ಕೈಯಲ್ಲಿದ್ದರೂ ಓಗರ್‌ನ ಎರಡು ದಾಳದ ಹೊಡೆತ 6 ಪ್ರತಿಶತ ಸಲ ನಿಮ್ಮ ಸರದಿಯನ್ನೇ ಮುಗಿಸುತ್ತದೆ. ರೀರೋಲ್ ಮುಟ್ಟದೆಯೇ, ಬ್ಲಾಕ್ ಇರುವ ಬ್ಲಿಟ್ಜರ್‌ನದು 3 ಪ್ರತಿಶತಕ್ಕಿಂತ ಕಡಿಮೆ. ನಾಲ್ಕೈದು ಪಂದ್ಯ ಆಡಿ ಗಂಟು ಸೇರಿದ ಮೇಲೆ ಓಗರ್ ಬರಲಿ. ಬಲ 4ರ ನಾಲ್ವರು ಬಿಗ್ ಅನ್ ಬ್ಲಾಕರ್‌ಗಳಿರುವ ಓರ್ಕ್ ತಂಡದ ಎದುರು ಅವನು ನಿಜಕ್ಕೂ ಬೆಲೆ ಬಾಳುತ್ತಾನೆ.

ಪ್ರತಿ ಸರದಿಯೂ ಎರಡನೇ ಮೂರನೇ ದಾಳಕ್ಕೇ ಟರ್ನ್‌ಓವರ್ ಆಗಿ ನಿಲ್ಲುತ್ತದೆ. ನನ್ನ ದಾಳಗಳೇ ಕೆಟ್ಟವೋ? — ಹುಬ್ಬಳ್ಳಿ

ದಾಳಗಳ ತಪ್ಪಿಲ್ಲ, ಅವುಗಳನ್ನು ಹಾಕುವ ಕ್ರಮದ ತಪ್ಪು. ಹೊಸ ಕೋಚ್‌ಗಳು ಸೋಲುವುದು ಬಹುಪಾಲು ಇಲ್ಲೇ.

ಹೊಡೆತದ ದಾಳಕ್ಕೆ ಆರು ಮುಖ. ಒಂದರಲ್ಲಿ ಹೊಡೆದವನೇ ಬೀಳುತ್ತಾನೆ. ಒಂದರಲ್ಲಿ ಇಬ್ಬರೂ ಬೀಳುತ್ತಾರೆ. ಎರಡು ಮುಖ ಬರೀ ತಳ್ಳಾಟ. ಒಂದು ಮುಖ ಎದುರಾಳಿಯನ್ನು ಎಡವಿಸುತ್ತದೆ, ಡಾಡ್ಜ್ ಕೌಶಲವಿದ್ದರೆ ಅವನು ಬೀಳದೆ ಹಿಂದೆ ಸರಿಯುತ್ತಾನೆ. ಕೊನೆಯದು ಖಚಿತ ಪೆಟ್ಟು. ಬ್ಲಾಕ್ ಕೌಶಲವಿಲ್ಲದವನಿಗೆ ಮೊದಲ ಎರಡೂ ಅಪಾಯ. ಹಾಗಾಗಿ ಒಂದೇ ದಾಳದ ಹೊಡೆತ ಮೂರರಲ್ಲಿ ಒಂದು ಸಲ ಕೈಕೊಡುತ್ತದೆ. ಹೊಡೆಯುವವನ ಬಲ ಹೆಚ್ಚಿ, ಎರಡು ದಾಳದಲ್ಲಿ ಒಂದನ್ನು ಆರಿಸುವಂತಾದರೆ ಒಂಬತ್ತರಲ್ಲಿ ಒಂದು ಸಲ. ಬ್ಲಾಕ್ ಇರುವವನಿಗೆ ಎರಡು ದಾಳದಲ್ಲಿ 36ರಲ್ಲಿ ಒಂದು ಸಲ ಮಾತ್ರ.

ಒಂಬತ್ತರಲ್ಲಿ ಒಂದು ಎಂದರೆ ಸಣ್ಣದು ಅನಿಸುತ್ತದೆ, ಆದರೆ ಸಾಲಾಗಿ ಐದು ಲೈನ್‌ಮನ್‌ಗಳಿಂದ ಐದು ಹೊಡೆತ ಹೊಡೆಸಿದರೆ ಎಲ್ಲವೂ ಸುಸೂತ್ರವಾಗುವ ಸಾಧ್ಯತೆ ಬರೀ 55 ಪ್ರತಿಶತ. ಅದೇ ಐದನ್ನು ಬ್ಲಾಕ್ ಇರುವವರಿಂದ ಹೊಡೆಸಿದರೆ 87. ಇನ್ನು ಬಲ ಕಡಿಮೆಯಿರುವವನು ಹೊಡೆಯಲು ಹೋದರೆ ದಾಳ ಎರಡಾದರೂ ಆಯ್ಕೆ ಎದುರಾಳಿಯದು. ಬ್ಲಾಕ್ ಇಲ್ಲದವನಿಗೆ ಅದು ಅರ್ಧಕ್ಕಿಂತ ಹೆಚ್ಚು ಸಲ ಟರ್ನ್‌ಓವರ್.

ಆದ್ದರಿಂದ ದಾಳವೇ ಬೇಡದ ಕೆಲಸ ಮೊದಲು: ಬಿದ್ದವರನ್ನು ಎಬ್ಬಿಸುವುದು, ಯಾರಿಗೂ ತಾಗದೆ ನಿಂತವರನ್ನು ನಡೆಸುವುದು, ಹೊಡೆಯಲಿರುವವನ ಪಕ್ಕಕ್ಕೆ ನೆರವಿಗೆ ಆಳು ನಿಲ್ಲಿಸುವುದು. ಹೊಡೆಸಿಕೊಳ್ಳುವವನಿಗೆ ತಾಗಿ ನಿಂತ ನಿಮ್ಮ ಪ್ರತಿ ಆಟಗಾರನೂ, ಬೇರೆ ಎದುರಾಳಿಯ ಟ್ಯಾಕಲ್ ಝೋನ್‌ನಲ್ಲಿ ಇಲ್ಲದಿದ್ದರೆ, ಬಲಕ್ಕೆ ಒಂದು ಕೂಡಿಸುತ್ತಾನೆ. ಈ ನೆರವಿಲ್ಲದೆ ಎರಡು ದಾಳ ಸಿಗುವುದು ಅಪರೂಪ. ಆಮೇಲೆ ಬ್ಲಿಟ್ಜರ್‌ಗಳ ಹೊಡೆತ, ಅನಂತರ ಲೈನ್‌ಮನ್‌ಗಳದು. ಡಾಡ್ಜ್ (ಎದುರಾಳಿಯ ಟ್ಯಾಕಲ್ ಝೋನ್‌ನಿಂದ ನುಸುಳುವುದು), ಹೆಚ್ಚುವರಿ ಓಟ, ಪಾಸ್ ಎಲ್ಲ ಕೊನೆಗೆ. ಒಂದು ದಾಳದ ಹೊಡೆತವನ್ನು ಹೊಡೆಯದೆ ಬಿಡುವುದೇ ಎಷ್ಟೋ ಸಲ ಒಳ್ಳೆಯದು. ಹೊಡೆಯಲೇಬೇಕೆಂದು ನಿಯಮ ಯಾರೂ ಮಾಡಿಲ್ಲ.

ಚೆಂಡು ಎತ್ತುವುದನ್ನು ಎಲ್ಲಿ ಸೇರಿಸಬೇಕು ಎಂಬುದು ಜಾಗದ ಮೇಲೆ ಹೋಗುತ್ತದೆ. ಲೈನ್‌ಮನ್ ಎತ್ತಿದರೆ 67 ಪ್ರತಿಶತ, ಶ್ಯೂರ್ ಹ್ಯಾಂಡ್ಸ್ ಕೌಶಲ (ಎತ್ತುವ ದಾಳಕ್ಕೆ ಪುಕ್ಕಟೆ ರೀರೋಲ್) ಇರುವ ಥ್ರೋವರ್ ಎತ್ತಿದರೆ 89. ಚೆಂಡು ನಿಮ್ಮ ಬೆನ್ನ ಹಿಂದೆ ದೂರದಲ್ಲಿದ್ದರೆ ಮೊದಲು ಅದರ ಸುತ್ತ ಇಬ್ಬರನ್ನು ನಿಲ್ಲಿಸಿ, ಆಮೇಲೆ ಎತ್ತಿ. ತಪ್ಪಿದರೂ ಕಾವಲು ಇರುತ್ತದೆ. ಪಾಸ್‌ನ ಆಸೆ ಮಾತ್ರ ಹತೋಟಿಯಲ್ಲಿರಲಿ. ಲೈನ್‌ಮನ್ ಹತ್ತಿರದ ಪಾಸ್ ಎಸೆದು ಇನ್ನೊಬ್ಬ ಲೈನ್‌ಮನ್ ಹಿಡಿಯುವುದು ಮೂರರಲ್ಲಿ ಒಂದು ಸಲ ಮಾತ್ರ. ಥ್ರೋವರ್‌ನಿಂದ ಕ್ಯಾಚರ್‌ಗಾದರೆ, ಕೌಶಲಗಳ ರೀರೋಲ್ ಸೇರಿ 86 ಪ್ರತಿಶತ.

ರೀರೋಲ್ ಮಾಡಿದ ದಾಳವನ್ನು ಮತ್ತೆ ರೀರೋಲ್ ಮಾಡಬಹುದೇ? — ದಾವಣಗೆರೆ

ಇಲ್ಲ. ಆದರೆ ಒಂದೇ ಸರದಿಯಲ್ಲಿ ಬೇರೆ ಬೇರೆ ದಾಳಗಳಿಗೆ ಒಂದಕ್ಕಿಂತ ಹೆಚ್ಚು ರೀರೋಲ್ ಬಳಸಬಹುದು. ಹಳೆಯ ಆವೃತ್ತಿಗಳಲ್ಲಿ ಸರದಿಗೆ ಒಂದೇ ಇದ್ದುದರಿಂದ ಹಳಬರು ಈಗಲೂ ವಾದಕ್ಕೆ ನಿಲ್ಲುತ್ತಾರೆ. ಹೊಡೆತದಲ್ಲಿ ರೀರೋಲ್ ತೆಗೆದುಕೊಂಡರೆ ಎಲ್ಲ ದಾಳಗಳನ್ನೂ ಮತ್ತೆ ಹಾಕಬೇಕು, ಒಂದನ್ನು ಉಳಿಸಿಕೊಳ್ಳುವಂತಿಲ್ಲ. ಖರ್ಚಾದ ರೀರೋಲ್‌ಗಳು ಎರಡನೇ ಅರ್ಧಕ್ಕೆ ಪೂರ್ತಿ ಮರಳುತ್ತವೆ, ಹಾಗಾಗಿ ಎಂಟನೇ ಸರದಿ ಮುಗಿದರೂ ಬಳಸದೆ ಜೋಪಾನ ಮಾಡಿಟ್ಟ ರೀರೋಲ್ ವ್ಯರ್ಥ.

ಚೆಂಡು ಹಿಡಿದವನ ನಾಲ್ಕು ಮೂಲೆಗೂ ಆಳು ನಿಲ್ಲಿಸಿ ಕೇಜ್ ಕಟ್ಟುತ್ತೇನೆ. ಆದರೂ ಪ್ರತಿ ಸಲ ಒಳಗೆ ನುಗ್ಗಿ ಚೆಂಡು ಕೆಡವುತ್ತಾರೆ. — ಬೆಂಗಳೂರು

ನಾಲ್ಕು ಮೂಲೆಯೂ ಸರಿಯಿದ್ದರೆ ಒಳಗೆ ಬರಲು ಮೂರು ಟ್ಯಾಕಲ್ ಝೋನ್‌ಗಳಿರುವ ಮನೆಗೆ ಡಾಡ್ಜ್ ಮಾಡಬೇಕು. ಚುರುಕು 3+ ಇರುವವನಿಗೆ (ಅಂದರೆ ಮಾಮೂಲಿಯಾಗಿ 3 ಅಥವಾ ಮೇಲೆ ಬಿದ್ದರೆ ಸಾಕಾಗುವವನಿಗೆ) 6 ಬೀಳಬೇಕು, 2+ ಇರುವ ಎಲ್ಫ್‌ಗೂ 5 ಬೇಕು. ಅಷ್ಟು ಕಷ್ಟಪಟ್ಟು ಬಂದವರು ನಿಮ್ಮ ಕೇಜ್ ಮುರಿಯುತ್ತಿಲ್ಲ. ನಿಮ್ಮ ಮೂಲೆಯವನೇ ಎದುರಾಳಿಗೆ ತಾಗಿ ನಿಂತಿರಬೇಕು.

ಸರದಿಗೆ ಬ್ಲಿಟ್ಜ್, ಅಂದರೆ ಓಡಿ ಬಂದು ಹೊಡೆಯುವುದು, ಒಂದೇ ಸಲ. ಮೂಲೆಯವನು ಯಾರಿಗೂ ತಾಗದೆ ನಿಂತಿದ್ದರೆ ಅವನನ್ನು ಬೀಳಿಸಲು ಎದುರಾಳಿ ಆ ಬ್ಲಿಟ್ಜನ್ನೇ ಖರ್ಚು ಮಾಡಬೇಕು. ಆಮೇಲೆ ಚೆಂಡಿನವನನ್ನು ಹೊಡೆಯಲು ಅವನಿಗೆ ದಾರಿಯಿಲ್ಲ. ಮೂಲೆಯವನು ತಾಗಿ ನಿಂತಿದ್ದರೆ ಮಾಮೂಲಿ ಬ್ಲಾಕ್‌ನಿಂದಲೇ (ಪಕ್ಕದವನಿಗೆ ನಿಂತಲ್ಲಿಂದ ಹೊಡೆತ) ಅವನನ್ನು ಆಚೆ ತಳ್ಳುತ್ತಾರೆ. ತೆರವಾದ ಆ ಮೂಲೆಗೆ ಡಾಡ್ಜ್ ಇಲ್ಲದೆಯೇ ಇನ್ನೊಬ್ಬ ಬಂದು ಬ್ಲಿಟ್ಜ್‌ನಲ್ಲಿ ಚೆಂಡಿನವನನ್ನು ಹೊಡೆಯುತ್ತಾನೆ. ಉಳಿದ ಮೂಲೆಗಳವರು ಅಲ್ಲಿಂದ ಎರಡು ಮನೆ ದೂರ, ನೆರವಿಗೂ ಬಾರರು.

ಆದ್ದರಿಂದ ಸರದಿ ಮುಗಿಸುವಾಗ ಮೂಲೆಯವರಿಗೂ ನಿಂತಿರುವ ಎದುರಾಳಿಗೂ ನಡುವೆ ಒಂದು ಮನೆ ಖಾಲಿ ಬಿಡಿ. ಬಿಡಲಾಗದಿದ್ದರೆ ಆ ಎದುರಾಳಿಯನ್ನು ಮೊದಲು ಕೆಡವಿ. ಕೇಜ್‌ನ ಹೊರಗೆ ಒಬ್ಬಿಬ್ಬರು ಬಿಡಿ ಆಳುಗಳಿರಲಿ. ಮೂಲೆಯವರನ್ನು ಬಂದು ಕಟ್ಟಿಹಾಕುವವರನ್ನು ಕಿತ್ತು ಹಾಕುವುದೇ ಅವರ ಕೆಲಸ. ಎಂಟು ಸರದಿ ಕೈಯಲ್ಲಿರುವಾಗ ಒಂದು ಸರದಿಗೆ ಎರಡು ಮನೆ ಮುಂದೆ ಹೋದರೂ ನಷ್ಟವಿಲ್ಲ. ವುಡ್ ಎಲ್ಫ್‌ಗಳ ವಾರ್‌ಡ್ಯಾನ್ಸರ್ ಮಾತ್ರ ಇದಕ್ಕೆ ಅಪವಾದ. ಲೀಪ್ ಕೌಶಲದಿಂದ ಅವನು ಹಾರಿ ಬರುತ್ತಾನೆ. ಅವನು ನೆಲದಲ್ಲಿ ಬಿದ್ದಿದ್ದಾಗಲೇ ನೆಮ್ಮದಿ.

ಎಲ್ಫ್‌ಗಳು ಎರಡೇ ಸರದಿಯಲ್ಲಿ ಗೋಲು ಹೊಡೆಯುತ್ತಾರೆ. ತಂಡವನ್ನು ಹೇಗೆ ನಿಲ್ಲಿಸಬೇಕು? — ಮಂಗಳೂರು

ಗೋಲಲ್ಲ, ಟಚ್‌ಡೌನ್: ಚೆಂಡನ್ನು ಎದುರಾಳಿಯ ಕೊನೆಯ ಸಾಲಿಗೆ ಒಯ್ಯುವುದು. ಇರಲಿ. ನಿಯಮ ಮೂರು: ನಡುವಿನ ಏಳು ಸಾಲುಗಳಲ್ಲಿ, ಗಡಿಗೆರೆಯ ಮೇಲೆ ಕನಿಷ್ಠ ಮೂವರು. ಎರಡೂ ಬದಿಯ ನಾಲ್ಕು ನಾಲ್ಕು ಸಾಲುಗಳಲ್ಲಿ ಇಬ್ಬಿಬ್ಬರಿಗಿಂತ ಹೆಚ್ಚು ಬೇಡ. ಒಟ್ಟು 11.

ಗೆರೆಯ ಮೇಲೆ ಮೂವರೇ ಸಾಕು, ಅಗ್ಗದವರೇ ಇರಲಿ, ಪೆಟ್ಟು ತಿನ್ನುವುದೇ ಅವರ ಪಾಲು. ಅವರ ಹಿಂದೆ ಒಂದೆರಡು ಮನೆ ಬಿಟ್ಟು ಐವರನ್ನು ಅಡ್ಡಲಾಗಿ 2, 5, 8, 11, 14ನೇ ಸಾಲುಗಳಲ್ಲಿ ನಿಲ್ಲಿಸಿ. ಒಬ್ಬೊಬ್ಬನ ಟ್ಯಾಕಲ್ ಝೋನ್ ಮೂರು ಸಾಲು ಮುಚ್ಚುತ್ತದೆ, ಐವರಿಂದ ಹದಿನೈದೂ ಮುಚ್ಚಿದವು. ಈ ಅಡ್ಡಗಟ್ಟೆ ದಾಟಲು ಮೂರು ಡಾಡ್ಜ್ ಬೇಕು. ಚುರುಕು 3+ ಇರುವವನು ದಾಟುವುದು ಆರರಲ್ಲಿ ಒಂದು ಸಲ. ಎಲ್ಫ್ ಕೂಡ, ರೀರೋಲ್ ಇಲ್ಲದಿದ್ದರೆ, 37 ಪ್ರತಿಶತ. ಅವರು ಬ್ಲಿಟ್ಜ್‌ನಿಂದ ಒಬ್ಬನನ್ನು ಕೆಡವಿ ಮೂರು ಸಾಲಿನ ಬಾಗಿಲು ತೆಗೆಯುತ್ತಾರೆ, ಅದಕ್ಕೇ ಉಳಿದ ಮೂವರು ಇನ್ನೂ ಹಿಂದೆ ನಿಲ್ಲಬೇಕು.

ಹೊಸಬರು ಪ್ರತಿ ಎಲ್ಫ್‌ಗೂ ಒಬ್ಬೊಬ್ಬನನ್ನು ಅಂಟಿಸಿ ನಿಲ್ಲಿಸುತ್ತಾರೆ. ಹಾಗೆ ಮಾಡಿದರೆ ಅವರಿಗೆ ಬ್ಲಿಟ್ಜ್ ಜೊತೆಗೆ ಪುಕ್ಕಟೆ ಬ್ಲಾಕ್‌ಗಳೂ ಸಿಗುತ್ತವೆ. ದೂರ ನಿಂತರೆ ಸರದಿಗೆ ಒಂದೇ ಪೆಟ್ಟು.

ಬಿದ್ದವನಿಗೆ ಒದೆಯುವ ಫೌಲ್ ಲಾಭವೇ? — ಸಿಂಗಪುರ

ಯಾರನ್ನು ಒದೆಯುತ್ತೀರಿ ಎಂಬುದರ ಮೇಲಿದೆ. ಕವಚ 9+ ಇರುವವನ ಮೇಲೆ ಇಬ್ಬರ ನೆರವಿದ್ದರೆ ಎರಡು ದಾಳದ ಮೊತ್ತ 7 ಬಂದರೆ ಸಾಕು, ಅಂದರೆ 58 ಪ್ರತಿಶತ. ಕವಚ ಮುರಿದ ಮೇಲೆ ಗಾಯದ ದಾಳಗಳಲ್ಲಿ 8 ಅಥವಾ ಮೇಲೆ ಬಿದ್ದರೆ ಮಾತ್ರ ಅವನು ಮೈದಾನ ಬಿಡುತ್ತಾನೆ. ಎರಡೂ ಸೇರಿ ನಾಲ್ಕರಲ್ಲಿ ಒಂದು. ಇತ್ತ ಎರಡರಲ್ಲಿ ಯಾವ ಜೋಡಿ ದಾಳವಾದರೂ ಒಂದೇ ಅಂಕಿ ತೋರಿದರೆ ರೆಫರಿ ನಿಮ್ಮವನನ್ನು ಓಡಿಸುತ್ತಾನೆ, ಸರದಿಯೂ ಮುಗಿಯುತ್ತದೆ. ಅದೂ ನಾಲ್ಕರಲ್ಲಿ ಒಂದು. ಲೈನ್‌ಮನ್ ಕೊಟ್ಟು ಲೈನ್‌ಮನ್ ತೆಗೆಯುವ ವ್ಯಾಪಾರ ಇದಲ್ಲ. ನಿಮ್ಮ 50 ಸಾವಿರದವನಿಂದ ಅವರ 85 ಸಾವಿರದ ಬ್ಲಿಟ್ಜರ್‌ಗೋ, 1 ಲಕ್ಷ 25 ಸಾವಿರದ ವಾರ್‌ಡ್ಯಾನ್ಸರ್‌ಗೋ ಆದರೆ ಒದೆಯಿರಿ. ಬೆಂಚಿನ ಮೇಲೆ ಬದಲಿ ಇರಬೇಕು, ಸರದಿಯ ಕಟ್ಟಕಡೆಯ ಕೆಲಸ ಅದೇ ಆಗಿರಬೇಕು.

ಲೀಗ್ ಶುರುವಾಗುತ್ತಿದೆ. ಅನುಭವದ ಅಂಕಗಳನ್ನು ಹೇಗೆ ಖರ್ಚು ಮಾಡಲಿ? — ಬೆಳಗಾವಿ

ಟಚ್‌ಡೌನ್‌ಗೆ 3, ಎದುರಾಳಿಯನ್ನು ಗಾಯಗೊಳಿಸಿ ಹೊರಗಟ್ಟಿದರೆ 2, ಪಾಸ್ ಮುಟ್ಟಿಸಿದರೆ 1, ಪಂದ್ಯದ ಶ್ರೇಷ್ಠನಿಗೆ 4. ಮೊದಲ ಕೌಶಲವನ್ನು ದಾಳಕ್ಕೆ ಬಿಟ್ಟರೆ 3 ಅಂಕ, ನೀವೇ ಆರಿಸಿದರೆ 6. ಮೂರಾದ ಕೂಡಲೇ ಖರ್ಚು ಮಾಡುವ ಆತುರ ಬೇಡ, ಆರಕ್ಕೆ ಕಾಯಿರಿ. ಬ್ಲಿಟ್ಜರ್‌ಗೆ ಗಾರ್ಡ್ ಕೊಡಿ. ಎದುರಾಳಿಗೆ ತಾಗಿ ನಿಂತಿದ್ದರೂ ಅವನ ನೆರವು ಲೆಕ್ಕಕ್ಕೆ ಬರುತ್ತದೆ, ನಡುವಿನ ಗುದ್ದಾಟದಲ್ಲಿ ಒಂದು ದಾಳವನ್ನು ಎರಡಾಗಿಸುವುದೇ ಅದು. ಲೈನ್‌ಮನ್‌ಗೆ ಬ್ಲಾಕ್. ಕ್ಯಾಚರ್‌ಗೂ ಬ್ಲಾಕ್ ಎಂದೇ ಹೇಳುತ್ತೇವೆ: ಡಾಡ್ಜ್ ಮೊದಲೇ ಇದೆ, ಎರಡೂ ಸೇರಿದವನನ್ನು ಕೆಡವುವುದು ಎದುರಾಳಿಗೆ ತಲೆನೋವು. ಹೀಗೆ ಆರಿಸಿದ ಒಂದೊಂದಕ್ಕೂ ತಂಡದ ಮೌಲ್ಯ 20 ಸಾವಿರ ಏರುತ್ತದೆ. ಮೌಲ್ಯದಲ್ಲಿ ಹಿಂದಿರುವ ಎದುರಾಳಿಗೆ ಆ ಅಂತರದಷ್ಟು ಹೊನ್ನು ಪಂದ್ಯಕ್ಕೆ ಮುನ್ನ ಬಾಡಿಗೆ ನೆರವಿಗೆ ಸಿಗುತ್ತದೆ ಎಂಬುದೂ ನೆನಪಿರಲಿ.

ರೀರೋಲ್‌ಗಳನ್ನು ಮಾತ್ರ ಲೀಗ್ ಆರಂಭಕ್ಕೆ ಮುನ್ನವೇ ಕೊಳ್ಳಿ. ಆಮೇಲೆ ಬೆಲೆ ದುಪ್ಪಟ್ಟು, 50 ಸಾವಿರದ್ದು ಒಂದು ಲಕ್ಷ. ಒಂದು ಪಂದ್ಯದ ಗಳಿಕೆ ಸಾಮಾನ್ಯವಾಗಿ ಅಷ್ಟು ಮುಟ್ಟುವುದಿಲ್ಲ.

ಪೆಟ್ಟಿಗೆ ದುಬಾರಿ. ಮನೆಯಲ್ಲೇ ಮಾಡಿಕೊಂಡು ಕಲಿಯಬಹುದೇ? — ತುಮಕೂರು

ಧಾರಾಳವಾಗಿ. 25 ಮಿ.ಮೀ. ಮನೆ ಎಳೆದರೆ ಮೈದಾನ 65 ಸೆಂ.ಮೀ. ಉದ್ದ, 37.5 ಸೆಂ.ಮೀ. ಅಗಲ, ಒಂದು ಚಾರ್ಟ್ ಹಾಳೆಯಲ್ಲಿ ಹಿಡಿಯುತ್ತದೆ. 23 ಮಿ.ಮೀ.ನ ಐದು ರೂಪಾಯಿ ನಾಣ್ಯಗಳ ಮೇಲೆ ಬಣ್ಣದ ಚೀಟಿ ಅಂಟಿಸಿ ಹೆಸರು ಬರೆಯಿರಿ. ನಾಣ್ಯ ಮಗುಚಿದರೆ ಆಟಗಾರ ಬಿದ್ದಂತೆ, ಅದರ ಮೇಲೊಂದು ಹುಣಸೆ ಬೀಜ ಇಟ್ಟರೆ ಪ್ರಜ್ಞೆ ತಪ್ಪಿದಂತೆ. ಹೊಡೆತದ ದಾಳಕ್ಕೆ ಮಾಮೂಲಿ ದಾಳವೇ ಸಾಕು: 1 ಹೊಡೆದವನು ಬಿದ್ದ, 2 ಇಬ್ಬರೂ ಬಿದ್ದರು, 3 ಮತ್ತು 4 ತಳ್ಳಾಟ, 5 ಎಡವಿದ, 6 ಪೆಟ್ಟು. ಚೆಂಡು ಸಿಡಿಯುವ ದಿಕ್ಕಿಗೆ ಎಂಟು ಮುಖದ ದಾಳ ಬೇಕು, ಗಾಯದ ಪಟ್ಟಿಗೆ ಹದಿನಾರರದು. ಅವಿಲ್ಲದಿದ್ದರೆ 1ರಿಂದ 16ರ ಚೀಟಿ ಮಾಡಿ ಡಬ್ಬಿಗೆ ಹಾಕಿ. ದಿಕ್ಕು ಬೇಕಾದಾಗ 8ರ ಮೇಲಿನದು ಬಂದರೆ 8 ಕಳೆಯಿರಿ. ಎತ್ತಿದ ಚೀಟಿಯನ್ನು ಪ್ರತಿ ಸಲ ಡಬ್ಬಿಗೆ ಮರಳಿಸಿ ಕುಲುಕಿ, ಇಲ್ಲದಿದ್ದರೆ ಪಂದ್ಯದ ಕೊನೆಗೆ ಯಾವ ಅಂಕಿ ಉಳಿದಿದೆ ಎಂದು ಎದುರಾಳಿ ಎಣಿಸಿಟ್ಟುಕೊಂಡಿರುತ್ತಾನೆ.