ಚಿಂಪಾಂಜಿ ಅಂದರೆ ಏನು? ಅದನ್ನು ಕೋತಿ ಅನ್ನಬಹುದಾ?

ಕೋತಿ ಅಂದರೆ ತಪ್ಪಾಗುತ್ತದೆ. ಚಿಂಪಾಂಜಿ ಆಫ್ರಿಕಾದ ಕಾಡುಗಳಲ್ಲಿರುವ, ಬಾಲವಿಲ್ಲದ ದೊಡ್ಡ ವಾನರ (ಇಂಗ್ಲಿಷಿನಲ್ಲಿ 'ಏಪ್'). ಗೊರಿಲ್ಲಾ, ಒರಾಂಗುಟಾನ್‌ಗಳ ಬಳಗಕ್ಕೆ ಸೇರಿದ್ದು. ಕೋತಿಗಳಿಗೆ ಸಾಮಾನ್ಯವಾಗಿ ಬಾಲ ಇರುತ್ತದೆ, ಇದಕ್ಕೆ ಇಲ್ಲವೇ ಇಲ್ಲ. ನಮಗೆ ತೀರಾ ಹತ್ತಿರದ ನೆಂಟ ಕೂಡ ಇದೇ, ಜೊತೆಗೆ ಬೊನೊಬೊ ಅನ್ನುವ ಇನ್ನೊಂದು ವಾನರ. ನಮ್ಮ ಡಿಎನ್ಎ ಚಿಂಪಾಂಜಿಯ ಡಿಎನ್ಎಯನ್ನು ಸುಮಾರು 98 ರಿಂದ 99 ಶೇಕಡಾ ಹೋಲುತ್ತದೆ.

ಪದ ಇಂಗ್ಲಿಷಿನದು ಅನಿಸುತ್ತದೆ, ಅಲ್ವಾ? ಆದರೆ ಅದು ಮಧ್ಯ ಆಫ್ರಿಕಾದ ಬಾಂಟು ಭಾಷೆಯೊಂದರಿಂದ ಬಂದದ್ದು. ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡದ್ದು 1738ರಲ್ಲಿ. ಮಾತಿನಲ್ಲಿ ಇಂಗ್ಲಿಷಿನವರು ಚಿಕ್ಕದಾಗಿ 'ಚಿಂಪ್' ಅನ್ನುವುದೇ ಜಾಸ್ತಿ. ಕನ್ನಡದಲ್ಲಿ ಹಾಗೆ ಮೊಟಕು ಮಾಡುವ ರೂಢಿಯಿಲ್ಲ. ಚಿಂಪಾಂಜಿ, ಬಹುವಚನ ಚಿಂಪಾಂಜಿಗಳು, ಅಷ್ಟೇ.

ವಾಕ್ಯದಲ್ಲಿ ಬಳಸುವುದು ಹೀಗೆ: 'ಚಿಂಪಾಂಜಿ ಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ಹಿಡಿದು ತಿನ್ನುತ್ತದೆ.' ಇದು ಸುಮ್ನೆ ಕಟ್ಟಿದ ವಾಕ್ಯವಲ್ಲ. 1960ರಲ್ಲಿ ಚಿಂಪಾಂಜಿಗಳ ಸಂಶೋಧಕಿ ಜೇನ್ ಗುಡಾಲ್ ಟಾಂಜಾನಿಯಾದ 'ಗೊಂಬೆ' ಅನ್ನುವ ಕಾಡಿನಲ್ಲಿ ಇದನ್ನು ಕಣ್ಣಾರೆ ಕಂಡರು. ಅಲ್ಲಿಯವರೆಗೆ ಸಲಕರಣೆ ಮಾಡಿಕೊಳ್ಳುವುದು ಮನುಷ್ಯನಿಗೆ ಮಾತ್ರ ಗೊತ್ತು ಅಂತ ಹೆಚ್ಚಿನವರು ನಂಬಿದ್ದರು.

ಇನ್ನೊಂದು ಮಾತು. ಮನುಷ್ಯರನ್ನು ಈ ಹೆಸರಿನಿಂದ ಕರೆಯಬೇಡಿ, ಅದು ಬೈಗುಳವಾಗುತ್ತದೆ.