ಸಿಡ್ನಿಯಲ್ಲಿ ಮಕ್ಕಳ ಕ್ರಿಕೆಟ್ ತಂಡಕ್ಕೆ ಕ್ಲಬ್‌ಗ್ರಾಂಟ್ಸ್ ಹಣ ಯಾಕೆ ಸಿಗಲಿಲ್ಲ?
ಕ್ಲಬ್‌ಗ್ರಾಂಟ್ಸ್ ಎಂದರೆ ಪೋಕರ್ ಮಷೀನ್ (ಜೂಜು ಯಂತ್ರ) ಇಟ್ಟಿರುವ ಕ್ಲಬ್‌ಗಳು ಸಮುದಾಯಕ್ಕೆ ಕೊಡುವ ಅನುದಾನ. ಬಹುಶಃ ನಿಮ್ಮ ಅರ್ಜಿ ಕೆಟಗರಿ 1ರಲ್ಲಿ ಹೋಗಿದೆ. ಅದು ಸಮಾಜ ಕಲ್ಯಾಣಕ್ಕೆ. ಕ್ರೀಡೆ ಬರುವುದು ಕೆಟಗರಿ 2ರಲ್ಲಿ.

ಮೊದಲು ನೀವು ಅರ್ಜಿ ಕೊಟ್ಟ ಕ್ಲಬ್‌ನ ಪೋಕರ್ ಮಷೀನ್ ಲಾಭ ವರ್ಷಕ್ಕೆ 10 ಲಕ್ಷ ಡಾಲರ್ ದಾಟುತ್ತದೆಯೇ ವಿಚಾರಿಸಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಆ 10 ಲಕ್ಷ ಮೀರಿದ ಲಾಭದ 1.85%ರವರೆಗೆ ಸಮುದಾಯಕ್ಕೆ ಕೊಟ್ಟರೆ ಕ್ಲಬ್‌ಗೆ ಅಷ್ಟೇ ತೆರಿಗೆ ರಿಯಾಯಿತಿ. ಅಂದರೆ ಸರ್ಕಾರಕ್ಕೆ ಹೋಗಬೇಕಿದ್ದ ದುಡ್ಡು, ಕೇಳಲು ಸಂಕೋಚ ಬೇಡ. (ಜೂಜಿನ ಹಣ ಬೇಡವೆನ್ನುವ ಪೋಷಕರಿದ್ದರೆ ಮೊದಲೇ ಮಾತಾಡಿಕೊಳ್ಳಿ.) ಲಾಭ 10 ಲಕ್ಷ ದಾಟದಿದ್ದರೆ ಪಕ್ಕದ ದೊಡ್ಡ ಕ್ಲಬ್ ಹಿಡಿಯಿರಿ.

ಆಮೇಲೆ ಬ್ಯಾಟು, ಪ್ಯಾಡು, ಮೈದಾನದ ಬಾಡಿಗೆ ಎಲ್ಲ ಕೊಟೇಶನ್ ಸಮೇತ ಬಿಡಿಸಿ ಬರೆದು, ಕೆಟಗರಿ 2 ಎಂದು ನಮೂದಿಸಿ, ನೇರ ಕ್ಲಬ್‌ಗೇ ಕೊಡಿ. ಈ ಯೋಜನೆಯ ಲೆಕ್ಕದ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಅರ್ಜಿಯ ಗಡುವು ಮಾತ್ರ ಒಂದೊಂದು ಕ್ಲಬ್‌ಗೆ ಒಂದೊಂದು, ಫೋನ್ ಮಾಡಿ ಕೇಳಿ.